ಮಗಳ ಹೆಸರಿನ ರುಚಿ

ನನಗೆ ಗಂಡು ಮಗುವೇ ಬೇಕಿತ್ತು. ಹೀಗೆ ಬರೆದರೆ ಓದುವವರು ಮೂಗು ಮುರಿಯುತ್ತಾರೆಂದು ಗೊತ್ತು. ಬಸುರಿಯಾಗಿದ್ದಾಗ ಬಾಯಿತಪ್ಪಿ ಇದನ್ನು ಗಂಡನ ಅಕ್ಕನ ಮುಂದೆ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ‘ಓದಿರೋಳು, ಕೆಲಸಕ್ಕೆ ಹೋಗೋಳು, ನೀನೇ ಹಿಂಗಂದ್ರೆ ಹೆಂಗೆ? ಈ ಮನೇಲಿ ಯಾರಾದ್ರೂ ಗಂಡೇ ಬೇಕು ಅಂದ್ರಾ?’ ಎಂದು ಅವರು ಕೇಳಿದರು. ಯಾರೂ ಅಂದಿರಲಿಲ್ಲ. ಮಾವನವರಂತೂ ಹೆಣ್ಣೇ ಹುಟ್ಟಲಿ ಎಂದು ಬನಶಂಕರಮ್ಮನ ಗುಡಿಯಲ್ಲಿ ಹೆಂಗಸರ ನಡುವೆ ನಿಂತು ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದರು. ನನ್ನ ಹೆದರಿಕೆಗೆ ಕಾರಣವೂ ಅದೇ ಆಗಿತ್ತು. ಹೆಣ್ಣಾದರೆ ತೀರಿಹೋದ ಅತ್ತೆಯ ಹೆಸರಿಡುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಆ ಹೆಸರು ನನ್ನ ಬಾಯಿಗೆ ಕಮಟು ಹಿಡಿದ ಕೊಬ್ಬರಿ.

ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ನನಗೆ ಹೆಸರುಗಳು ರುಚಿಸುತ್ತವೆ. ಯಾರದ್ದಾದರೂ ಹೆಸರು ಕಿವಿಗೆ ಬಿದ್ದರೆ ಅಥವಾ ಕಣ್ಣಿಗೆ ಬಿದ್ದರೆ ನಾಲಿಗೆಯ ಮೇಲೆ ಏನೋ ಒಂದು ಬಂದು ಕೂರುತ್ತದೆ. ಇದು ನೆನಪಲ್ಲ, ಕಲ್ಪನೆಯೂ ಅಲ್ಲ. ಬಾಯಲ್ಲಿ ನೀರೂರುತ್ತದೆ, ಕೆಲವು ಸಲ ಗಂಟಲು ಕಟ್ಟುತ್ತದೆ. ಒಬ್ಬರ ಹೆಸರು ಬೆಂದ ಕಡಲೆಕಾಯಿ, ಇನ್ನೊಬ್ಬರದು ಸೋಪಿನ ನೊರೆ. ಮನುಷ್ಯರಿಗೂ ಅವರ ಹೆಸರಿನ ರುಚಿಗೂ ಏನೇನೂ ಸಂಬಂಧವಿಲ್ಲ. ನನ್ನನ್ನು ಸದಾ ಗೋಳುಹೊಯ್ದುಕೊಳ್ಳುತ್ತಿದ್ದ ಸೋದರಮಾವನ ಹೆಸರು ಅಪ್ಪಟ ಹೋಳಿಗೆ ಊರಣ.

ಇದು ಬಿಟ್ಟು ಬೇರೆಯವೂ ಇವೆ. ನನಗೆ ಅಕ್ಷರಗಳಿಗೆ ಬಣ್ಣವಿದೆ; ‘ಕ’ ಇಟ್ಟಿಗೆ ಬಣ್ಣ, ‘ಮ’ ನೀರು ಮಜ್ಜಿಗೆಯ ಬಿಳಿ. ವರ್ಷದ ತಿಂಗಳುಗಳು ನನ್ನ ಸೊಂಟದ ಸುತ್ತ ನಿಂತಿವೆ, ಯುಗಾದಿ ಎಡಗೈ ಪಕ್ಕಕ್ಕೆ, ದೀಪಾವಳಿ ಬೆನ್ನ ಹಿಂದೆ. ನನ್ನ ಅಕ್ಕನಿಗೆ ರುಚಿಯಿಲ್ಲ, ಸದ್ದು ಕಾಣಿಸುತ್ತದೆ. ಕುಕ್ಕರ್ ಕೂಗಿದರೆ ಅವಳ ಕಣ್ಣ ಮುಂದೆ ಕಿತ್ತಳೆ ಗೆರೆಯೊಂದು ಮೇಲೇಳುತ್ತದಂತೆ. ಇವೆಲ್ಲ ಯಾರಿಗೂ ತೊಂದರೆ ಕೊಡದ ಬಡಪಾಯಿಗಳು. ಹೆಸರಿನ ರುಚಿಯೊಂದೇ ಹೇಳದೆ ಕೇಳದೆ ಬಾಯೊಳಕ್ಕೆ ನುಗ್ಗುವುದು.

ನಾನು ಚಿಕ್ಕವಳಿದ್ದಾಗ ನಾವು ತಿಲಕ್ ನಗರದ ಒಂದು ವಠಾರದಲ್ಲಿದ್ದೆವು. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ತಿಳಿದಿದ್ದೆ. ಓನರ್ ಆಂಟಿ ಅರಿಶಿನ ಕುಂಕುಮಕ್ಕೆ ಬಂದಾಗ ಅವರ ಮುಖಕ್ಕೇ ‘ಆಂಟಿ, ನಿಮ್ಮ ಹೆಸರು ಸೀಮೆಎಣ್ಣೆ ಥರ ಇದೆ’ ಅಂದುಬಿಟ್ಟೆ. ಅಮ್ಮ ಅವತ್ತು ಬಾರಿಸಿದ್ದು ಇನ್ನೂ ನೆನಪಿದೆ. ಆಮೇಲೆ ಅವಳಿಗೇ ಭಯವಾಯಿತು. ಸಂಜೆ ನಮಾಜು ಮುಗಿಯುವ ಹೊತ್ತಿಗೆ ನಮ್ಮ ಬೀದಿಯ ಮಸೀದಿ ಬಾಗಿಲಲ್ಲಿ ಮಕ್ಕಳನ್ನೆತ್ತಿಕೊಂಡು ತಾಯಂದಿರು ನಿಲ್ಲುತ್ತಿದ್ದರು, ಹೊರಗೆ ಬರುವ ಹಿರಿಯರು ಮಕ್ಕಳ ತಲೆ ಮೇಲೆ ಮಂತ್ರಿಸಿ ಊದಿ ಹೋಗುತ್ತಿದ್ದರು. ಅಮ್ಮ ನನ್ನನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಊದಿದವರ ಉಸಿರಲ್ಲಿ ಸೋಂಪಿನ ವಾಸನೆಯಿತ್ತು, ಆದರೆ ಹೆಸರುಗಳ ರುಚಿ ಹೋಗಲಿಲ್ಲ. ಕೊನೆಗೆ ಅಮ್ಮ, ‘ಇನ್ಮೇಲೆ ಯಾರ ಹತ್ರಾನೂ ಇದನ್ನ ಹೇಳ್ಬೇಡ. ನಾಳೆ ನಿನ್ನ ನೋಡೋಕೆ ಬರೋರು ತಲೆ ಸರಿಯಿಲ್ಲ ಅಂತಾರೆ’ ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಆ ಹೆದರಿಕೆಯನ್ನು ಅಮ್ಮನೇ ನನಗೆ ಕೊಟ್ಟಿದ್ದು, ಅದು ಇಷ್ಟು ವರ್ಷವಾದರೂ ಸವೆದಿಲ್ಲ.

ಹೆಸರು ಹಿಡಿದು ಕರೆಯಬೇಕಾದ ಕೆಲಸಗಳನ್ನೆಲ್ಲ ಬಿಟ್ಟು ನಾನು ಲ್ಯಾಬ್ ಟೆಕ್ನಿಷಿಯನ್ ಆದೆ. ಜಯನಗರದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬು. ಒಳಗೆ ಕೂತವಳಿಗೆ ಬರುವುದು ಬಾರ್‌ಕೋಡ್ ಅಂಟಿಸಿದ ಟ್ಯೂಬುಗಳು ಮಾತ್ರ. ಸಂಖ್ಯೆಗಳಿಗೆ ಬಣ್ಣವಿದೆ, ರುಚಿಯಿಲ್ಲ. ಅಲ್ಲಿ ನನ್ನ ಬಾಯಿ ಹಾಯಾಗಿರುತ್ತಿತ್ತು.

ಮದುವೆ ಗೊತ್ತಾದ ಮೇಲೆ ಗಂಡನಾಗುವವನಿಗೆ ವಿಷಯ ಹೇಳಿದೆ. ಅಮ್ಮನಿಗೆ ಕೊಟ್ಟ ಮಾತು ಮುರಿದದ್ದು ಅದೇ ಮೊದಲು. ಜಯನಗರ ಫೋರ್ತ್ ಬ್ಲಾಕಿನಲ್ಲಿ ಜ್ಯೂಸ್ ಕುಡಿಯುತ್ತಾ ನಿಂತಿದ್ದೆವು. ‘ಹಂಗಾದ್ರೆ ನನ್ನ ಹೆಸರು?’ ಎಂದು ಕೇಳಿದ. ಬಿಸಿ ಹುರಿಗಡಲೆ ಎಂದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಸ್ನೇಹಿತರಿಗೆಲ್ಲ ಫೋನು ಮಾಡಿ ಅವರವರ ಹೆಸರಿನ ರುಚಿ ಕೇಳಿಸಿದ. ‘ಸಖತ್ತಾಗಿದೆ ಗುರು ಇದು’ ಎಂದ. ನನ್ನ ಜೀವದ ಭಯ ಅವನಿಗೆ ಮೋಜು. ಬೇಜಾರಾಗಲಿಲ್ಲ, ಸಮಾಧಾನವೇ ಆಯಿತು. ಆಮೇಲೆ ಮದುವೆ ಕರೆಯೋಲೆ ಅಚ್ಚಾಗಿ ಬಂತು. ಅದರಲ್ಲಿ ಮಾವನವರ ಹೆಸರಿನ ಪಕ್ಕದಲ್ಲಿ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಅತ್ತೆಯ ಹೆಸರಿತ್ತು. ಓದಿದ ತಕ್ಷಣ ಬಾಯಿ ತುಂಬ ಕಮಟು ಕೊಬ್ಬರಿ, ಅದರ ಹಿಂದೆಯೇ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಬಚ್ಚಲಿಗೆ ಓಡಿದೆ. ‘ನಮ್ಮಮ್ಮನ ಹೆಸರು ಯಾವ ಟೇಸ್ಟು?’ ಎಂದು ಅವನು ಕೇಳಿಯೂ ಕೇಳಿದ. ಪಾಯಸ ಎಂದೆ. ಇನ್ನೇನು ಹೇಳಲಿ? ಅವನ ಕಣ್ಣು ತುಂಬಿಕೊಂಡಿತು.

ಬನಶಂಕರಿ ಎರಡನೇ ಹಂತದ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೇನೂ ತೊಂದರೆಯಾಗಲಿಲ್ಲ. ಹಾಲಿನಲ್ಲಿ ಅತ್ತೆಯ ದೊಡ್ಡ ಫೋಟೋ ಇದೆ, ಅದರ ಕೆಳಗೆ ಹೆಸರು ಬರೆಸಿಲ್ಲ. ಆ ಮನೆಯಲ್ಲಿ ಯಾರೂ ಆ ಹೆಸರನ್ನು ಕರೆದದ್ದೇ ಇಲ್ಲ. ಮಕ್ಕಳಿಗೆ ಅವರು ಅಮ್ಮ, ಬೀದಿಗೆ ಅಂಗಡಿಯವರ ಮನೆಯವರು. ಮಾವನವರದು ಹಾರ್ಡ್‌ವೇರ್ ಅಂಗಡಿಯಿತ್ತು. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಹಳೇ ಕಾಲದ ಗಂಡಸು. ಸಂಸಾರ ಮಾಡಿದಷ್ಟು ದಿನವೂ ಹೆಂಡತಿಯನ್ನು ‘ಏ ಇವಳೇ’, ‘ಇಲ್ಲಿ ಕೇಳಿದ್ಯಾ’ ಎಂದೇ ಕೂಗಿದವರು. ಹಾಗಾಗಿ ಆ ಹೆಸರು ಮದುವೆ ಕರೆಯೋಲೆಯ ಜೊತೆಗೇ ಬೀರು ಸೇರಿತು. ಬಸುರಿಯಾಗುವವರೆಗೂ ನಾನು ಅದನ್ನು ಮರೆತಿದ್ದೆ.

ಐದನೇ ತಿಂಗಳಲ್ಲಿ ನಾನು ನಮ್ಮ ಲ್ಯಾಬಿಗೆ ರೋಗಿಗಳನ್ನು ಕಳಿಸುವ ನರರೋಗದ ಡಾಕ್ಟರೊಬ್ಬರನ್ನು ಗುಟ್ಟಾಗಿ ಕಂಡೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ‘ಇದಕ್ಕೆ ಸಿನೆಸ್ಥೀಸಿಯಾ ಅಂತಾರೆ. ಕಾಯಿಲೆ ಅಲ್ಲ ಇದು’ ಎಂದರು. ಎರಡು ಇಂದ್ರಿಯಗಳ ನಡುವೆ ಒಂದು ಬಾಗಿಲು ತೆರೆದೇ ಉಳಿದಿದೆ ಅಂದುಕೊಳ್ಳಿ ಎಂದರು. ಅಕ್ಷರಕ್ಕೆ ಬಣ್ಣ ಕಾಣುವವರು, ಸಂಗೀತ ಕೇಳಿದರೆ ಆಕಾರ ಕಾಣುವವರು, ಬೇರೆಯವರ ಕೆನ್ನೆ ಮುಟ್ಟಿದ್ದನ್ನು ನೋಡಿದರೆ ತಮ್ಮ ಕೆನ್ನೆಯನ್ನೇ ಮುಟ್ಟಿದಂತಾಗುವವರು, ಹೀಗೆ ನಾನಾ ಥರದವರಿದ್ದಾರಂತೆ. ಪದಕ್ಕೆ ರುಚಿ ಬರುವವರು ಅಪರೂಪವಂತೆ. ಔಷಧಿ ಕೊಡಿ ಎಂದೆ. ಇದಕ್ಕೆ ಔಷಧಿ ಇಲ್ಲ, ಬೇಕಾಗೂ ಇಲ್ಲ ಎಂದರು. ‘ರುಚಿ ಬದಲಾಗತ್ತಾ ಸಾರ್?’ ಎಂದೆ. ಸಾಮಾನ್ಯವಾಗಿ ಬದಲಾಗುವುದಿಲ್ಲ ಎಂದರು. ನಾನು ಎದ್ದು ಬಾಗಿಲಿಗೆ ಬಂದಾಗ, ಕೆಲವು ಮನೆತನಗಳಲ್ಲಿ ಇದು ಮಕ್ಕಳಿಗೂ ಬರುವುದುಂಟು ಎಂದು ಸೇರಿಸಿದರು. ಅದನ್ನು ಹೇಳದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಹೆಣ್ಣೇ ಹುಟ್ಟಿತು. ಎದೆಯ ಮೇಲೆ ಮಲಗಿಸಿದಾಗ ನಾನು ಅತ್ತಿದ್ದನ್ನು ನೋಡಿ ನರ್ಸಮ್ಮ ‘ಮಹಾಲಕ್ಷ್ಮಿ ಬಂದಿದ್ದಾಳೆ ಕಣಮ್ಮ, ಅಳ್ತಾರಾ?’ ಎಂದು ಗದರಿದರು. ನನಗೆ ಆ ಮಗುವಿನ ಮೇಲೆ ಎಷ್ಟು ಪ್ರೀತಿ ಉಕ್ಕಿತ್ತೆಂದರೆ ಎದೆ ನೋಯುತ್ತಿತ್ತು. ಈ ಪ್ರೀತಿಯ ಮೇಲೆ ಆ ರುಚಿ ಬಂದು ಕೂರುತ್ತದಲ್ಲ ಎಂಬ ಹೆದರಿಕೆಗೇ ನಾನು ಅತ್ತದ್ದು. ದಿನಕ್ಕೆ ನೂರು ಸಲ ಕರೆಯುವ ಹೆಸರು. ಕರೆದಾಗಲೆಲ್ಲ ಓಕರಿಕೆ ಬಂದರೆ, ಒಂದು ದಿನ ಮಗುವನ್ನು ಕಂಡರೇ ಓಕರಿಕೆ ಬಂದುಬಿಟ್ಟರೆ?

ತೊಟ್ಟಿಲು ಶಾಸ್ತ್ರದ ದಿನ ಗಂಡನ ಅಕ್ಕ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಸುತ್ತ ನಿಂತ ಹೆಂಗಸರು ನಗುತ್ತಾ ಅವರ ಬೆನ್ನಿಗೆ ಗುದ್ದಿದರು, ಅದು ಅವರ ಕಡೆಯ ಪದ್ಧತಿ. ಆಮೇಲೆ ಎಲ್ಲರೂ ಒಟ್ಟಿಗೆ ಆ ಹೆಸರನ್ನು ಗಟ್ಟಿಯಾಗಿ ಕೂಗಿದರು. ನನ್ನ ಬಾಯಲ್ಲಿ ಅದು ಉಕ್ಕಿ ಬಂದ ಹೊತ್ತಿಗೇ ಯಾರೋ ಕೊಬ್ಬರಿ ಸಕ್ಕರೆ ತಂದು ‘ಬಾಯಿ ತೆಗಿಯಮ್ಮ ಬಾಣಂತಿ’ ಎಂದು ತುರುಕಿದರು. ಹೇಗೆ ನುಂಗಿದೆನೋ ಶಿವನಿಗೇ ಗೊತ್ತು.

ಅಂದಿನಿಂದ ಮಾವನವರ ಕೂಗು ಶುರುವಾಯಿತು. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಎದ್ದವರು ಪೋರ್ಟಿಕೋದಿಂದ ಮೊಮ್ಮಗಳ ಹೆಸರು ಕೂಗುವರು. ಪೇಪರ್ ಓದುತ್ತಾ ಕೂಗುವರು, ಸೊಪ್ಪಿನವಳ ಮುಂದೆ ಕೂಗುವರು. ಮಲಗಿದ ಮಗುವನ್ನೂ ಕೂಗುವರು. ಅಷ್ಟು ವರ್ಷ ಬಾಯಿಗೆ ಬಾರದ ಹೆಸರು ಅವರಿಗೆ ಹೊಸ ಆಟಿಕೆಯಂತಾಗಿತ್ತು. ನಾನು ಪುಟ್ಟಿ, ಚಿನ್ನಿ, ಬಂಗಾರಿ ಎಂದು ಏನೇನೋ ಕರೆಯುತ್ತಿದ್ದೆ, ಹೆಸರನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ. ಒಂದು ವಾರದೊಳಗೆ ಸಿಕ್ಕಿಬೀಳುತ್ತೇನೆಂದು ನಡುಗುತ್ತಿದ್ದೆ. ಆದದ್ದೇ ಬೇರೆ. ‘ಅತ್ತೆ ಹೆಸರು ಅಂತ ಸೊಸೆ ಬಾಯಲ್ಲಿ ತೆಗಿಯಲ್ಲ ನೋಡಿ. ಈಗಿನ ಕಾಲದಲ್ಲಿ ಇಂಥ ಹುಡ್ಗೀರು ಎಲ್ಲಿ ಸಿಗ್ತಾರೆ?’ ಎಂದು ದಾವಣಗೆರೆಯಿಂದ ಬಂದ ಚಿಕ್ಕಮ್ಮ ಹೇಳಿದರು. ಗುರುಹಿರಿಯರ ಹೆಸರು ಹೇಳದ ಸೊಸೆ ಎಂದು ನೆಂಟರಲ್ಲೆಲ್ಲ ನನ್ನ ಖ್ಯಾತಿ ಹಬ್ಬಿತು. ಗಂಡನ ಅಕ್ಕ ಹಳೆಯದನ್ನೆಲ್ಲ ಮರೆತು ನನಗೊಂದು ಇಳಕಲ್ ಸೀರೆ ತಂದುಕೊಟ್ಟರು. ಉಟ್ಟುಕೊಂಡೆ, ಮತ್ತೇನು ಮಾಡುವುದು?

ಮಗು ಅಂಬೆಗಾಲಿಡುವ ಹೊತ್ತಿಗೆ ನಾನು ಕೆಲಸಕ್ಕೆ ವಾಪಸಾದೆ. ಒಂದು ದಿನ ಊಟದ ಹೊತ್ತಿನಲ್ಲಿ ಗಂಡ ಫೋನಿಗೆ ಒಂದು ವಿಡಿಯೋ ಕಳಿಸಿದ. ಹಿಂದಿನ ಭಾನುವಾರ ಹಾಲಿನಲ್ಲಿ ತೆಗೆದದ್ದು. ಸದ್ದು ಕೇಳಬಾರದೆಂದು ಮ್ಯೂಟ್ ಮಾಡಿಯೇ ನೋಡಿದೆ. ಮಾವನವರು ಸೋಫಾದ ಮೇಲೆ ಕೂತು ಕೈ ಚಾಚಿ ಕೂಗುತ್ತಾರೆ. ಮಗು ಚಾಪೆಯ ಮೇಲಿದೆ. ಹೆಸರು ಕೇಳಿದ ಕೂಡಲೆ ಅದು ತಾತನ ಕಡೆ ತಿರುಗುವುದಿಲ್ಲ, ನನ್ನ ಕಡೆ ತಿರುಗಿ ನನ್ನ ಮುಖ ನೋಡುತ್ತದೆ. ನಾನು ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದೇನೆ. ನನ್ನ ತುಟಿಯ ಒಂದು ತುದಿ ಕೆಳಕ್ಕೆ ಜಾರುತ್ತದೆ, ಮೂಗು ಸುಕ್ಕಾಗುತ್ತದೆ, ಗಂಟಲು ಒಮ್ಮೆ ಅದುರುತ್ತದೆ. ಒಂದು ಕ್ಷಣ, ಅಷ್ಟೇ. ಆಮೇಲೆ ಮಗುವಿನ ತುಟಿಯ ಅದೇ ತುದಿ ಕೆಳಕ್ಕೆ ಜಾರುತ್ತದೆ. ಮೂಗು ಸುಕ್ಕಾಗುತ್ತದೆ. ವಿಡಿಯೋ ಕೆಳಗೆ ಗಂಡ ನಗುವ ಮುಖಗಳನ್ನು ಹಾಕಿದ್ದ; ಅವನ ಪಾಲಿಗೆ ಆ ಹೆಸರು ಇನ್ನೂ ಪಾಯಸವೇ.

ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು. ನಾನು ಅಲ್ಲಿಯವರೆಗೆ ನನ್ನ ಬಾಯಿಗೆ, ನನ್ನ ಹೊಟ್ಟೆಗೆ ಹೆದರಿದ್ದೆ. ಹೆದರಬೇಕಾಗಿದ್ದದ್ದು ಮುಖಕ್ಕೆ. ಕನ್ನಡಿಯಲ್ಲಿ ಮುಖ ನೋಡುವಂತೆ ಆ ಮಗು ನನ್ನ ಮುಖದಲ್ಲಿ ತಾನು ಯಾರೆಂದು ನೋಡಿಕೊಳ್ಳುತ್ತಿತ್ತು. ತನ್ನ ಹೆಸರು ಅಸಹ್ಯವಾದದ್ದೆಂದು ಮಾತು ಬರುವ ಮುಂಚೆಯೇ ನನ್ನಿಂದ ಕಲಿಯುತ್ತಿತ್ತು. ಅಥವಾ ಅದಕ್ಕೂ ನನ್ನ ಹಾಗೇ ಬಾಯಲ್ಲಿ ಏನಾದರೂ ಬರುತ್ತಿದೆಯೋ? ಡಾಕ್ಟರು ಬಾಗಿಲಲ್ಲಿ ಹೇಳಿದ್ದು ತಲೆಯೊಳಗೆ ಗುಂಯ್ ಎನ್ನತೊಡಗಿತು. ಎರಡರಲ್ಲಿ ಯಾವುದು ನಿಜವಾದರೂ ನನ್ನಿಂದಲೇ ಬಂದದ್ದು.

ಆಮೇಲೆ ಮಾಡದ ಸರ್ಕಸ್ಸಿಲ್ಲ. ಬಾಯಲ್ಲಿ ಸದಾ ಲವಂಗ ಇಟ್ಟುಕೊಂಡೆ, ರುಚಿ ಲವಂಗವನ್ನೂ ದಾಟಿ ಬಂತು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಗುವುದನ್ನು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ಕಂಡದ್ದು ಹಲ್ಲು ಕೀಳಿಸಿಕೊಳ್ಳಲು ಕೂತವಳ ನಗು. ಕೊನೆಗೆ ಮಾವನವರು ಕೂಗುವ ಸೂಚನೆ ಕಂಡರೆ ಸಾಕು, ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋಗತೊಡಗಿದೆ. ಅದೂ ತಪ್ಪಾಯಿತು. ಹೆಸರು ಕೇಳಿದರೆ ಅಮ್ಮ ಬಿಟ್ಟು ಹೋಗುತ್ತಾಳೆಂದು ಮಗು ಅಳಲು ಶುರುಮಾಡಿತು.

ಕೂಗಬೇಡಿ ಎಂದು ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಒಂದು ಸಂಜೆ ಕಾಫಿ ಹಿಡಿದು ಪೋರ್ಟಿಕೋಗೆ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಮಾತಾಡಿದರು. ‘ಕೂತ್ಕೋಮ್ಮ. ನೀನು ಮಗೂನ ಹೆಸರು ಹಿಡ್ದು ಕರಿಯಲ್ಲ. ಅದು ನಿನ್ನ ದೊಡ್ಡತನ. ಆದ್ರೆ ಒಂದು ಮಾತು ಹೇಳ್ತೀನಿ. ನಿಮ್ಮತ್ತೆಗೆ ಆಸ್ಪತ್ರೇಲಿ ಜ್ಞಾನ ತಪ್ಪಿತ್ತು. ಡಾಕ್ಟರು ಬಂದು, ಯಜಮಾನ್ರೇ, ಕಿವಿ ಹತ್ರ ಹೋಗಿ ಹೆಸರು ಹಿಡ್ದು ಕೂಗಿ, ಕಣ್ಣು ಬಿಡಬಹುದು ಅಂದ್ರು. ನಂಗೆ ಬಾಯೇ ಬರ್ಲಿಲ್ಲ ಕಣಮ್ಮ. ಯಾವತ್ತೂ ಕರ್ದಿರ್ಲಿಲ್ವಲ್ಲ, ನಾಚಿಕೆ ಆಯ್ತು. ಡಾಕ್ಟರು, ನರ್ಸು ಎಲ್ಲ ನೋಡ್ತಾ ಇದ್ರು. ಇವಳೇ, ಇವಳೇ ಅಂದೆ. ಅವಳು ಕಣ್ಣು ಬಿಡ್ಲಿಲ್ಲ.’ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡು, ‘ಮರ್ಯಾದೆ ಗಿರ್ಯಾದೆ ಎಲ್ಲ ಸಾಕು. ನೀನೂ ಕೂಗಮ್ಮ’ ಎಂದರು.

ನಾನು ಹೂಂ ಎಂದು ಒಳಗೆ ಬಂದೆ. ಇಂಥವರ ಬಾಯಿಂದ ಆ ಹೆಸರನ್ನು ಕಿತ್ತುಕೊಳ್ಳುವುದು ಹೇಗೆ? ಅವರು ಕೂಗುವುದನ್ನು ನಿಲ್ಲಿಸುವ ಹಾಗಿಲ್ಲ, ನಾನು ಕೇಳುವುದನ್ನು ನಿಲ್ಲಿಸುವ ಹಾಗಿಲ್ಲ, ನಡುವೆ ಮಗು ಇಬ್ಬರ ಮುಖವನ್ನೂ ನೋಡುತ್ತಾ ಬೆಳೆಯಿತು. ಮಾತು ಬಂತು. ಎಲ್ಲ ಮಾತೂ ಬಂತು. ಕಾಗೆ, ನಾಯಿ, ಮೆಟ್ರೋ, ಬಿ.ಎಂ.ಟಿ.ಸಿ., ಪಾನಿಪುರಿ. ನಿನ್ನ ಹೆಸರೇನು ಎಂದು ಯಾರಾದರೂ ಕೇಳಿದರೆ ಮಾತ್ರ ತುಟಿ ಒಳಕ್ಕೆ ಮಡಚಿಕೊಂಡು ನನ್ನ ಹಿಂದೆ ಅಡಗುತ್ತಿದ್ದಳು. ‘ನಾಚಿಕೆ’ ಎಂದು ಎಲ್ಲರೂ ನಗುತ್ತಿದ್ದರು. ಒಮ್ಮೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಪುಟ್ಟಿ, ತಾತ ಕೂಗಿದಾಗ ನಿನ್ನ ಬಾಯಲ್ಲಿ ಏನಾದ್ರೂ ಬರತ್ತಾ?’ ಎಂದು ಕೇಳಿದೆ. ಅವಳು ಆ ಎಂದು ಬಾಯಿ ಅಗಲಿಸಿ ತೋರಿಸಿದಳು. ಏನೂ ಇರಲಿಲ್ಲ. ನಾಲಿಗೆ, ಹಾಲುಹಲ್ಲು, ಮಧ್ಯಾಹ್ನದ ಅನ್ನದ ಒಂದು ಅಗುಳು. ಅವಳಿಗೆ ನನ್ನದು ಬಂದಿಲ್ಲ ಎಂದು ಅವತ್ತು ಅನ್ನಿಸಿತು. ಹಾಗಾದರೆ ಕಲಿತದ್ದೇ ಇರಬೇಕೆಂದು ಅದರ ಹಿಂದೆಯೇ ಅನ್ನಿಸಿ, ಆದ ಸಮಾಧಾನವೂ ಹೋಯಿತು.

ಹೋದ ಬೇಸಿಗೆಯಲ್ಲಿ ಜೆ.ಪಿ. ನಗರದ ಒಂದು ಪುಟ್ಟ ನರ್ಸರಿಗೆ ಅವಳನ್ನು ಸೇರಿಸಲು ಹೋದೆವು. ಗಂಡನಿಗೆ ಆಫೀಸಿತ್ತು, ಮಾವನವರು ಒಗೆದ ಪಂಚೆ ಉಟ್ಟು ನಮ್ಮ ಜೊತೆ ಆಟೋ ಹತ್ತಿದರು. ಮಿಸ್ ಚಿಕ್ಕ ವಯಸ್ಸಿನವರು, ನಗುಮುಖ. ಮಗಳನ್ನು ಒಂದು ಪುಟಾಣಿ ಕುರ್ಚಿಯಲ್ಲಿ ಕೂರಿಸಿದರು. ಹಸು ಏನು ಕೊಡತ್ತೆ, ಆಕಾಶ ಯಾವ ಬಣ್ಣ, ಎಲ್ಲದಕ್ಕೂ ಪಟಪಟ ಉತ್ತರ ಬಂತು. ಮಾವನವರು ಪಕ್ಕದ ಬೆಂಚಿನಲ್ಲಿ ಮೀಸೆ ತಿರುವಿಕೊಳ್ಳುತ್ತಿದ್ದರು. ನನಗೆ ಮುಂದಿನ ಪ್ರಶ್ನೆ ಗೊತ್ತಿತ್ತು.

‘ಈಗ ನಿನ್ನ ಹೆಸರು ಹೇಳು ಪುಟ್ಟಾ.’

ಮಗಳು ತುಟಿ ಮಡಚಿಕೊಂಡಳು. ಮಿಸ್ ಮತ್ತೆ ಕೇಳಿದರು. ಅವಳು ಕುರ್ಚಿಯಿಂದ ಇಳಿದು ನನ್ನ ಹತ್ತಿರ ಬಂದು, ತನ್ನೆರಡು ಕೈಗಳನ್ನೂ ನನ್ನ ಕಿವಿಗಳ ಮೇಲೆ ಇಟ್ಟಳು. ‘ಅಮ್ಮ, ನೀನು ಗಟ್ಟಿಯಾಗಿ ಮುಚ್ಕೋ. ನಾನು ಮೆತ್ತಗೆ ಹೇಳ್ತೀನಿ’ ಎಂದಳು.

ಮಿಸ್ ನಕ್ಕರು. ‘ಯಾಕೆ ಪುಟ್ಟಾ? ಅಮ್ಮ ಕೇಳಿಸ್ಕೋಬಾರ್ದಾ?’

‘ಅಮ್ಮಂಗೆ ನನ್ನ ಹೆಸರು ಕೇಳಿದ್ರೆ ನೋವಾಗತ್ತೆ.’

ನಾನು ಮಾವನವರ ಕಡೆ ನೋಡಲಿಲ್ಲ. ಮೀಸೆಯ ಮೇಲಿದ್ದ ಅವರ ಕೈ ತೊಡೆಗೆ ಇಳಿದದ್ದು ಮಾತ್ರ ಕಣ್ಣಂಚಿನಲ್ಲಿ ಕಂಡಿತು. ಅಷ್ಟು ವರ್ಷ ಕಾದಿದ್ದ ಭಯ ಬಂದೇಬಿಟ್ಟಿತು ಎಂದುಕೊಂಡೆ. ಅವಳು ಹೆಸರಿಗೆ ಹೆದರಿರಲಿಲ್ಲ, ನಾಚಿಕೊಂಡೂ ಇರಲಿಲ್ಲ. ನನಗೆ ನೋವಾಗದಿರಲೆಂದು ತನ್ನ ಹೆಸರನ್ನೇ ನುಂಗಿಕೊಂಡು ಬದುಕುತ್ತಿದ್ದಳು, ಆ ಮೂರೂವರೆ ವರ್ಷದ ಜೀವ. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳ ಕೈಗಳನ್ನು ಕಿವಿಯಿಂದ ತೆಗೆದು ನನ್ನ ಕೈಯಲ್ಲಿ ಹಿಡಿದುಕೊಂಡೆ. ಮಿಸ್ಸಿಗಲ್ಲ, ಅವಳಿಗೇ, ಅವಳ ಕಣ್ಣನ್ನು ನೋಡುತ್ತಾ ಅವಳ ಹೆಸರು ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರುಚಿ ಬಂತು, ಕೇಳುವುದಕ್ಕಿಂತ ಹೇಳುವಾಗ ಇನ್ನೂ ದಟ್ಟವಾಗಿ, ಗಂಟಲವರೆಗೂ. ನನ್ನ ಮುಖ ಏನು ಮಾಡುತ್ತಿದೆಯೋ ನನಗೆ ಗೊತ್ತಾಗಲಿಲ್ಲ. ನಗಲು ಹೋಗಲಿಲ್ಲ. ಅವಳು ಮಾತ್ರ ನನ್ನ ತುಟಿ, ಮೂಗು, ಗಂಟಲು ಒಂದೊಂದನ್ನೇ ನೋಡುತ್ತಾ ನಿಂತಳು.

‘ನೋವಾಯ್ತಾ?’

‘ಆಯ್ತು ಕಂದ. ಸ್ವಲ್ಪ ಆಯ್ತು. ಆದ್ರೆ ನಂಗೆ ಕರೀಬೇಕು.’

ಅವಳು ಒಂದು ಕೈ ಬಿಡಿಸಿಕೊಂಡು ನನ್ನ ತುಟಿಯ ತುದಿಯನ್ನು ಮುಟ್ಟಿ ನೋಡಿದಳು. ಆಮೇಲೆ ‘ಇನ್ನೊಂದ್ಸಲ ಕರಿ’ ಎಂದಳು. ನಾನು ಉಗುಳು ನುಂಗಿ ಇನ್ನೊಂದು ಸಲ ಕರೆದೆ.